ಬಾಯ್ಲರ್ ಬಿರುಕುಬಿಟ್ಟಿದ್ದ ವಿಕ್ರಾಂತ್ 1971ರಲ್ಲಿ ನಿಜಕ್ಕೂ ಬೇಕಿತ್ತೇ?

ಪ್ರಶ್ನೆ: ಕಡಲಹಕ್ಕಿ

ಎಲ್ಲರಿಗೂ ನಮಸ್ಕಾರ. ನಾನು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ. 1971ರ ಯುದ್ಧದಲ್ಲಿ ನೌಕಾಪಡೆ ಏನು ಮಾಡಿತು ಅನ್ನುವುದರ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ಅರ್ಧ ದಾರಿಯಲ್ಲಿ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಪಶ್ಚಿಮದಲ್ಲಿ ನಡೆದದ್ದು ಓದಿದ ಕೂಡಲೇ ಅರ್ಥವಾಗುತ್ತದೆ. ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಅನ್ನುವ ಮೂರು ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿಯ ಹೊಸ್ತಿಲಿಗೇ ಹೋಗಿ ಖೈಬರ್ ಎಂಬ ಡಿಸ್ಟ್ರಾಯರನ್ನೂ ಮುಹಾಫಿಜ್ ಎಂಬ ಮೈನ್‌ಸ್ವೀಪರನ್ನೂ (ಸಮುದ್ರದ ಸಿಡಿಗುಂಡು ತೆಗೆಯುವ ಹಡಗು) ಮುಳುಗಿಸಿದವು. ನಾಲ್ಕು ದಿನ ಬಿಟ್ಟು ವಿನಾಶ್ ಎಂಬ ಇನ್ನೊಂದು ಕ್ಷಿಪಣಿ ದೋಣಿ ಹೋಗಿ ಕರಾಚಿ ಬಂದರಿನ ಕೆಮಾರಿಯ ತೈಲ ಟ್ಯಾಂಕ್‌ಗಳಿಗೆ ಬೆಂಕಿ ಹಚ್ಚಿತು. ಏನು ಮಾಡಿದರು, ಏನಾಯಿತು ಎರಡೂ ಕಣ್ಣೆದುರಿಗಿದೆ.

ಪೂರ್ವದಲ್ಲಿದ್ದದ್ದು ವಿಮಾನವಾಹಕ ನೌಕೆ ವಿಕ್ರಾಂತ್. ಅದರ ನಾಲ್ಕು ಬಾಯ್ಲರ್‌ಗಳಲ್ಲಿ ಮೂರೇ ಉರಿಯುತ್ತಿದ್ದವು, ವೇಗವನ್ನು 14 ನಾಟ್‌ಗೆ (ಒಂದು ನಾಟ್ ಅಂದರೆ ಗಂಟೆಗೆ ಒಂದು ಕಡಲ ಮೈಲಿ, ಸುಮಾರು 1.85 ಕಿ.ಮೀ.) ಕಟ್ಟಿಹಾಕಿದ್ದರು ಎಂದು ಓದಿದೆ. ಹೊಸತಿದ್ದಾಗ ಅದು 24 ನಾಟ್ ಮೀರಿ ಓಡುತ್ತಿದ್ದ ಹಡಗು. ಇನ್ನೊಂದು ಕಡೆ, ನಮ್ಮ ವಾಯುಪಡೆಯ ನೆಲೆಗಳು ಪೂರ್ವ ಪಾಕಿಸ್ತಾನದ (ಈಗಿನ ಬಾಂಗ್ಲಾದೇಶ) ಸುತ್ತಲೂ ಇದ್ದವು. ಹಾಗಿದ್ದ ಮೇಲೆ ಕುಂಟುತ್ತಿದ್ದ ಒಂದು ಹಡಗನ್ನು, ಅದರಲ್ಲಿದ್ದ ಸಾವಿರಕ್ಕೂ ಹೆಚ್ಚು ಜನರನ್ನು ಅಪಾಯಕ್ಕೆ ಒಡ್ಡುವ ಅಗತ್ಯವೇನಿತ್ತು? ಅದು ಯುದ್ಧಕ್ಕೆ ಬೇಕಿತ್ತೋ, ನೌಕಾಪಡೆಯ ಮರ್ಯಾದೆಗೆ ಬೇಕಿತ್ತೋ? ಪ್ರಬಂಧದಲ್ಲಿ ಇದಕ್ಕೆ ಉತ್ತರ ಬರೆಯದೆ ಮುಂದೆ ಹೋಗಲಾಗುತ್ತಿಲ್ಲ.

ಉತ್ತರ: ರನ್‌ವೇ ಅಂಚು

ನನಗನ್ನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ವಿಕ್ರಾಂತ್ ಇಲ್ಲದಿದ್ದರೂ ಢಾಕಾ ಬೀಳುತ್ತಿತ್ತು.

ಪೂರ್ವದಲ್ಲಿ ಪಾಕಿಸ್ತಾನದ ವಾಯುಪಡೆಗೆ ಇದ್ದದ್ದು ಢಾಕಾದ ತೇಜ್‌ಗಾಂವ್‌ನಲ್ಲಿ ಸೇಬರ್ ಎಂಬ ಯುದ್ಧವಿಮಾನಗಳ ಒಂದೇ ಒಂದು ಸ್ಕ್ವಾಡ್ರನ್. ನಮ್ಮ ಮಿಗ್‌ಗಳು, ಹಂಟರ್‌ಗಳು ಆ ರನ್‌ವೇ ಮೇಲೆ ಬಾಂಬ್ ಹಾಕಿ ಹಾಕಿ ಹೊಂಡ ತೋಡಿದವು. ಯುದ್ಧ ಶುರುವಾಗಿ ಮೂರ್ನಾಲ್ಕು ದಿನಕ್ಕೆ ಸೇಬರ್‌ಗಳು ನೆಲ ಬಿಟ್ಟು ಏಳಲಾರದಾದವು. ಆಮೇಲೆ ವಿಕ್ರಾಂತ್‌ನ ಸೀ ಹಾಕ್‌ಗಳಿಗೆ ಆಕಾಶದಲ್ಲಿ ಎದುರಾಳಿಯೇ ಇರಲಿಲ್ಲ. ಸೀ ಹಾಕ್ ಹಳೇ ತಲೆಮಾರಿನ ವಿಮಾನ, ರೆಕ್ಕೆ ನೇರ, ಶಬ್ದದ ವೇಗ ಮುಟ್ಟದು. ಒಳ್ಳೆಯ ಫೈಟರ್ ಎದುರಾಗಿದ್ದರೆ ಏನಾಗುತ್ತಿತ್ತೋ.

ಪೈಲಟ್‌ಗಳ ಧೈರ್ಯದ ಬಗ್ಗೆ ನನ್ನ ತಕರಾರಿಲ್ಲ. ವಿಮಾನ ನಿರೋಧಕ ಗುಂಡು ತಾಗಿದ ವಿಮಾನಗಳನ್ನೂ ಅವರು ಹಡಗಿಗೆ ಮರಳಿ ತಂದರು, ಒಂದನ್ನೂ ಕಳೆದುಕೊಳ್ಳಲಿಲ್ಲ. ನನ್ನ ಪ್ರಶ್ನೆ ಖರ್ಚಿನದು. ಅಷ್ಟು ಬಾಂಬುಗಳನ್ನು ನೆಲದ ಮೇಲಿನ ರನ್‌ವೇಯಿಂದ ಹಾಕಬಹುದಿದ್ದಾಗ, ಕಾವಲಿಗೆ ನಾಲ್ಕು ಫ್ರಿಗೇಟ್ ಕಟ್ಟಿಕೊಂಡು ಒಂದು ಹಡಗು ಹೊರಡಿಸಿದ್ದು ಸರಿಯೇ?

ಉತ್ತರ: ಹಳೇ ಸ್ಟೋಕರ್

ತಂಗಿ, ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ನಾನು 1975ರಿಂದ 78ರವರೆಗೆ ವಿಕ್ರಾಂತ್‌ನ ಬಾಯ್ಲರ್‌ಗಳ ಮುಂದೆ ಕೆಲಸ ಮಾಡಿದವನು. ಯುದ್ಧ ನೋಡಿದವನಲ್ಲ. ಅದು ಮುಗಿದು ನಾಲ್ಕು ವರ್ಷಕ್ಕೆ ಹಡಗು ಹತ್ತಿದೆ. ಆದರೆ ನನಗೆ ಕೆಲಸ ಕಲಿಸಿದ ಪೆಟ್ಟಿ ಆಫೀಸರ್ 71ರಲ್ಲಿ ಅದೇ ಜಾಗದಲ್ಲಿ ನಿಂತವರು. ಅವರಿಂದ ಕೇಳಿದ್ದು, ನಾನೇ ಕೈಯಾರೆ ಮಾಡಿದ್ದು, ಆಮೇಲೆ ಓದಿದ್ದು ಮೂರನ್ನೂ ಸೇರಿಸಿ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ವಿಮಾನವಾಹಕ ನೌಕೆ ಅಂದ ಕೂಡಲೇ ಜನ ಮೇಲಿನ ಡೆಕ್ ನೋಡುತ್ತಾರೆ. ವಿಮಾನ ಹಾರುವುದು ಅಲ್ಲಿಂದಲೇ, ನಿಜ. ಆದರೆ ಅದನ್ನು ಹಾರಿಸುವುದು ಕೆಳಗಿನ ಆವಿ. ನಮ್ಮ ಹಡಗಿನಲ್ಲಿ ಒಂದೇ ಆವಿ ಎಲ್ಲ ಕೆಲಸಕ್ಕೂ ಹಂಚಿಹೋಗಬೇಕಿತ್ತು. ಎರಡು ಪ್ರೊಪೆಲರ್ ತಿರುಗಿಸುವುದು ಅದೇ, ಕರೆಂಟ್ ಕೊಡುವ ಟರ್ಬೈನ್‌ಗೆ ಬೇಕಾದದ್ದು ಅದೇ, ಉಪ್ಪುನೀರನ್ನು ಕಾಯಿಸಿ ಸಿಹಿನೀರು ಮಾಡುವುದೂ ಅದೇ. ಇಷ್ಟರ ಮೇಲೆ ವಿಮಾನವನ್ನು ಡೆಕ್ಕಿನಿಂದ ಎಸೆಯುವ ಕ್ಯಾಟಪಲ್ಟ್‌ಗೂ ಅದೇ ಆವಿ. ಒಂದು ವಿಮಾನ ಹಾರಿತು ಅಂದರೆ ಕೆಳಗೆ ನಮಗೆ ಗೊತ್ತಾಗುತ್ತಿತ್ತು. ಮೇಲೆ ಧಡ್ ಎಂದು ಸದ್ದು, ಇಲ್ಲಿ ಪ್ರೆಶರ್ ಗೇಜಿನ ಮುಳ್ಳು ಒಂದು ಕೂದಲೆಳೆ ಇಳಿಯುತ್ತಿತ್ತು. ಮುಂದಿನ ವಿಮಾನ ಸಾಲಿನಲ್ಲಿ ನಿಂತಿರುತ್ತದೆ, ಅಷ್ಟರೊಳಗೆ ಕ್ಯಾಟಪಲ್ಟ್‌ಗೆ ಮತ್ತೆ ಆವಿ ತುಂಬಬೇಕು, ಹಡಗಿನ ವೇಗವೂ ಬೀಳಬಾರದು. ಎಣ್ಣೆಯ ಸ್ಪ್ರೇಯರ್ ಹೆಚ್ಚಿಸುವುದು, ಗಾಳಿ ಹೆಚ್ಚಿಸುವುದು, ನೀರಿನ ಮಟ್ಟದ ಗಾಜಿನ ಮೇಲಿಂದ ಕಣ್ಣು ಕದಲಿಸದೆ ನಿಲ್ಲುವುದು, ನಾಲ್ಕು ಗಂಟೆಯ ವಾಚ್ (ಪಾಳಿ) ಪೂರ್ತಿ ಇದೇ ಕೆಲಸ. ನಾನು ಮೂರು ವರ್ಷದಲ್ಲಿ ಎಷ್ಟು ಸಲ ವಿಮಾನ ಹಾರಿಸಲು ಆವಿ ಕೊಟ್ಟೆನೋ ಲೆಕ್ಕವಿಲ್ಲ. ಆ ವಿಮಾನ ಡೆಕ್ ಬಿಟ್ಟು ಏಳುವುದನ್ನು ಕಣ್ಣಾರೆ ನೋಡಿದ್ದು ಹತ್ತು ಸಲವೂ ಇರಲಿಕ್ಕಿಲ್ಲ.

ಈಗ ಆ 14 ನಾಟ್ ಅನ್ನುವುದರ ಅರ್ಥ ನೋಡಿ. ಹಡಗಿನ ಡೆಕ್ ಗಿಡ್ಡ. ವಿಮಾನ ಏಳಬೇಕಾದರೆ ಎದುರಿನಿಂದ ಗಾಳಿ ಬೇಕು. ಅದಕ್ಕೇ ವಿಮಾನ ಬಿಡುವಾಗ ಹಡಗು ಗಾಳಿಗೆ ಮುಖ ಮಾಡಿ ಓಡುತ್ತದೆ. ಬೀಸುವ ಗಾಳಿ 5 ನಾಟ್, ಹಡಗಿನ ಓಟ 24 ನಾಟ್ ಇದ್ದರೆ ವಿಮಾನಕ್ಕೆ ಸಿಗುವುದು 29. ಅದೇ ಹಡಗು 14ರಲ್ಲಿ ಓಡಿದರೆ ಸಿಗುವುದು 19. ಈ 10 ನಾಟ್ ಕೊರತೆಯನ್ನು ಎಲ್ಲಿಂದಾದರೂ ತುಂಬಬೇಕು. ಕ್ಯಾಟಪಲ್ಟ್ ಜೋರಾಗಿ ಎಸೆಯಬೇಕು, ಅದಕ್ಕೆ ಆವಿ ಬೇಕು, ಆವಿಗೇ ಬರ. ಇಲ್ಲವೇ ವಿಮಾನದ ಬಾಂಬೋ ಎಣ್ಣೆಯೋ ಕಡಿಮೆ ಮಾಡಬೇಕು. ಇಳಿಯುವಾಗಲೂ ಅದೇ ಕಷ್ಟ. ಎದುರು ಗಾಳಿ ಕಡಿಮೆಯಾದಷ್ಟೂ ವಿಮಾನ ಡೆಕ್ಕಿಗೆ ಜೋರಾಗಿ ಬಂದು ಬಡಿಯುತ್ತದೆ, ಹಿಡಿದು ನಿಲ್ಲಿಸುವ ತಂತಿಯ ಮೇಲೆ ಎಳೆತ ಹೆಚ್ಚುತ್ತದೆ. ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ಗಾಳಿ ಮಳೆಗಾಲದ ಗಾಳಿಯಂತಲ್ಲ, ಎಷ್ಟೋ ದಿನ ನೀರು ಕನ್ನಡಿಯಂತೆ ಬಿದ್ದಿರುತ್ತದೆ. ಹಾಗಾಗಿ ಬಾಯ್ಲರ್‌ನ ಬಿರುಕು ಹಡಗನ್ನು ನಿಧಾನ ಮಾಡಿತು ಎಂದಷ್ಟೇ ಬರೆಯಬೇಡಿ ತಂಗಿ. ಆ ಬಿರುಕು ಪ್ರತಿಯೊಂದು ವಿಮಾನದ ರೆಕ್ಕೆಯವರೆಗೂ ಹೋಗಿ ಮುಟ್ಟಿತ್ತು.

ಇಷ್ಟಾದರೂ ಯಾಕೆ ಹೋಗಬೇಕಿತ್ತು? ಭೂಪಟ ತೆಗೆದು ಕಾಕ್ಸ್ ಬಜಾರ್ ಎಲ್ಲಿದೆ ನೋಡಿ. ಚಿತ್ತಗಾಂಗ್‌ಗಿಂತಲೂ ಕೆಳಗೆ, ಬರ್ಮಾ ಗಡಿಗೆ ತಾಗಿಕೊಂಡ ಮೂಲೆ. ಪಶ್ಚಿಮ ಬಂಗಾಳದ ಕಲಾಯಿಕುಂಡ ವಾಯುನೆಲೆಯಿಂದ ನೇರ ಗೆರೆ ಎಳೆದರೂ 500 ಕಿ.ಮೀ. ಆಗುತ್ತದೆ. ಅಷ್ಟು ದೂರ ಹೋಗಿ ಬರುವ ವಿಮಾನ ದಿನಕ್ಕೆ ಎಷ್ಟು ಸಲ ಹೋದೀತು? ಡಿಸೆಂಬರ್ 4ರ ಬೆಳಿಗ್ಗೆ 11ರ ಹೊತ್ತಿಗೆ ವಿಕ್ರಾಂತ್‌ನಿಂದ ಎಂಟು ಸೀ ಹಾಕ್‌ಗಳು ಕಾಕ್ಸ್ ಬಜಾರ್ ಮೇಲೆ ದಾಳಿಗೆ ಎದ್ದಾಗ ಹಡಗು ತೀರದಿಂದ 60 ಕಡಲ ಮೈಲಿಯಲ್ಲಿತ್ತು, ಅಂದರೆ ಸುಮಾರು 110 ಕಿ.ಮೀ. ಹೋಗು, ಹೊಡೆ, ಬಾ, ಬಾಂಬು ಕಟ್ಟಿಕೋ, ಮತ್ತೆ ಹೋಗು. ಅದೇ ದಿನ ಮಧ್ಯಾಹ್ನ ಚಿತ್ತಗಾಂಗ್ ಬಂದರು. ಮರುದಿನದಿಂದ ಖುಲ್ನಾ, ಚಲ್ನಾ, ಮೊಂಗ್ಲಾ. ಹಗಲಲ್ಲಿ ಸೀ ಹಾಕ್, ಕತ್ತಲಾದ ಮೇಲೆ ಹಡಗಿನ ಇನ್ನೊಂದು ಬಗೆಯ ವಿಮಾನ ಅಲಿಜೇ. ವಿಮಾನ ನಿಲ್ದಾಣವನ್ನೇ ಹೊತ್ತುಕೊಂಡು ಶತ್ರುವಿನ ಹಿತ್ತಿಲಿಗೆ ಹೋಗಿ ಇಟ್ಟ ಹಾಗೆ.

ರನ್‌ವೇ ಅಂಚು ಅವರೇ, ಸೇಬರ್‌ಗಳ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಡಿಸೆಂಬರ್ 4ರ ಬೆಳಿಗ್ಗೆ ಅವು ಇನ್ನೂ ಹಾರುತ್ತಿದ್ದವು. ಢಾಕಾದಿಂದ ಕಾಕ್ಸ್ ಬಜಾರ್ 300 ಕಿ.ಮೀ. ಆಸುಪಾಸು. ಮೊದಲ ದಾಳಿಗೆ ಹೊರಟ ಆ ಎಂಟು ಪೈಲಟ್‌ಗಳಿಗೆ ಆಕಾಶ ಖಾಲಿ ಇರುತ್ತದೆಂದು ಯಾರೂ ಭರವಸೆ ಕೊಟ್ಟಿರಲಿಲ್ಲ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಸಮುದ್ರ. 1971ರ ಫೆಬ್ರವರಿಯಲ್ಲಿ, ಗಂಗಾ ಎಂಬ ಭಾರತದ ಪ್ರಯಾಣಿಕ ವಿಮಾನದ ಅಪಹರಣವಾದ ಮೇಲೆ, ಭಾರತ ತನ್ನ ಆಕಾಶದಲ್ಲಿ ಪಾಕಿಸ್ತಾನದ ವಿಮಾನ ಹಾರದಂತೆ ತಡೆಯಿತು. ಅಲ್ಲಿಂದಾಚೆ ಪಶ್ಚಿಮದಿಂದ ಪೂರ್ವಕ್ಕೆ ಸೈನ್ಯದ ಭಾರಿ ಸರಕು ಸಾಗಬೇಕಾದರೆ ಉಳಿದದ್ದು ಹಡಗಿನ ದಾರಿ. ಕರಾಚಿಯಿಂದ ಹೊರಟು ಶ್ರೀಲಂಕಾ ಸುತ್ತಿ ಚಿತ್ತಗಾಂಗ್ ಮುಟ್ಟಲು ಸುಮಾರು 2,500 ಕಡಲ ಮೈಲಿ. ಆ ದಾರಿಯ ಕೊನೆಯ ಬಾಗಿಲಲ್ಲಿ ವಿಕ್ರಾಂತ್ ಕೂತಿತ್ತು. ಅಲಿಜೇ ವಿಮಾನದ ಹೊಟ್ಟೆಯಲ್ಲಿ ರಾಡಾರ್ ಇತ್ತು, ಗಂಟೆಗಟ್ಟಲೆ ಸಮುದ್ರದ ಮೇಲೆ ಸುತ್ತುತ್ತಾ ಯಾವ ಹಡಗು ಬಂತು, ಯಾವುದು ಹೋಯಿತು ನೋಡಬಲ್ಲದು. ಫ್ರಿಗೇಟ್ ಒಂದೇ ಇದ್ದರೆ ಅದರ ಕಂಬದ ತುದಿಯಿಂದ ಕಾಣುವಷ್ಟೇ ದೂರ. ನೆಲದ ಮೇಲೆ ನಮ್ಮ ಸೇನೆ ಮೂರು ಕಡೆಯಿಂದ ಒತ್ತಿಕೊಂಡು ಬರುತ್ತಿತ್ತು. ನಾಲ್ಕನೆಯ ಕಡೆ ಸಮುದ್ರ. ಡಿಸೆಂಬರ್ 16ರಂದು ಶರಣಾದ ಸುಮಾರು 93,000 ಮಂದಿಗೆ ಹೊರಹೋಗಲು ಅದೂ ಇರಲಿಲ್ಲ. ಆ ಬಾಗಿಲು ಮುಚ್ಚುವ ಕೆಲಸ ರನ್‌ವೇಯಿಂದ ಎದ್ದು ಬಾಂಬು ಹಾಕಿ ವಾಪಸಾಗುವ ವಿಮಾನದಿಂದ ಆಗದು. ಹಗಲೂ ರಾತ್ರಿ ಅಲ್ಲೇ ಇರಬೇಕು.

ಪ್ರಶ್ನೆ ಕೇಳಿದವರು: ಕಡಲಹಕ್ಕಿ

ಸರ್, ತುಂಬಾ ಧನ್ಯವಾದ. ಗಾಳಿಯ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಅದನ್ನು ಪ್ರಬಂಧದಲ್ಲಿ ಬಳಸಿಕೊಳ್ಳುತ್ತೇನೆ.

ಇನ್ನೂ ಎರಡು ವಿಷಯ ಕೇಳಲೇ? ಬಾಯ್ಲರ್‌ಗೆ ಉಕ್ಕಿನ ಪಟ್ಟಿ ಬಿಗಿದು ಹೊರಟರು ಎಂದು ಒಂದು ಕಡೆ ಓದಿದೆ. ಬಿರುಕುಬಿಟ್ಟ ಬಾಯ್ಲರ್‌ಗೆ ಹೊರಗಿನಿಂದ ಪಟ್ಟಿ ಬಿಗಿದರೆ ಸಾಕಾಗುತ್ತದೆಯೇ? ಎರಡನೆಯದು, ಇಷ್ಟು ದೊಡ್ಡ ಹಡಗನ್ನು ಕರಾಚಿಯ ಕಡೆ ಬಿಡದೆ ಪೂರ್ವಕ್ಕೇ ಯಾಕೆ ಕಳಿಸಿದರು?

ಉತ್ತರ: ಅಲೆಯ ಲೆಕ್ಕ

ಸ್ಟೋಕರ್ ಸರ್ ಬರೆದ ಗಾಳಿಯ ಮಾತಿಗೆ ಒಂದು ಉದಾಹರಣೆ ಸೇರಿಸುತ್ತೇನೆ, ಕಡಲಹಕ್ಕಿಯವರಿಗೆ ಹೋಲಿಕೆಗೆ ಉಪಯೋಗವಾಗಬಹುದು.

1982ರ ಫಾಕ್‌ಲ್ಯಾಂಡ್ಸ್ ಯುದ್ಧ. ಅರ್ಜೆಂಟೀನಾ ಬಳಿ ಇದ್ದದ್ದು ವೆಂತಿಸಿಂಕೊ ದೆ ಮಾಯೊ ಎಂಬ ವಿಮಾನವಾಹಕ ನೌಕೆ. ಅದೂ ವಿಕ್ರಾಂತ್‌ನಂತೆಯೇ ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಕಟ್ಟಿದ ಲಘು ನೌಕೆ, ಗಾತ್ರದಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೇ 1ರಂದು ಅದರ ಟ್ರ್ಯಾಕರ್ ವಿಮಾನಗಳು ಬ್ರಿಟಿಷ್ ನೌಕೆಗಳು ಎಲ್ಲಿವೆ ಎಂದು ಪತ್ತೆ ಹಚ್ಚಿದವು. ಮರುದಿನ ಬೆಳಗಿನ ಜಾವ ಸ್ಕೈಹಾಕ್ ವಿಮಾನಗಳಿಗೆ ಬಾಂಬು ಕಟ್ಟಿ ಕಳಿಸುವುದೆಂದು ತಯಾರಿ ನಡೆಯಿತು. ಸದಾ ಗಾಳಿ ಬೀಸುವ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಅಂದು ಗಾಳಿ ಬಿದ್ದುಹೋಯಿತು. ಹಡಗು ಎಷ್ಟು ಓಡಿದರೂ ಬಾಂಬು, ಎಣ್ಣೆ ತುಂಬಿದ ಸ್ಕೈಹಾಕ್ ಏಳುವಷ್ಟು ಗಾಳಿ ಡೆಕ್ಕಿನ ಮೇಲೆ ಕೂಡಿಬರಲಿಲ್ಲ. ದಾಳಿ ಕೈಬಿಟ್ಟರು.

ಅದೇ ದಿನ ಸಂಜೆ ಬ್ರಿಟನ್ನಿನ ಅಣುಶಕ್ತಿ ಜಲಾಂತರ್ಗಾಮಿ ಕಾಂಕರರ್, ಜನರಲ್ ಬೆಲ್ಗ್ರಾನೊ ಎಂಬ ಕ್ರೂಸರನ್ನು ಟಾರ್ಪಿಡೊ ಹೊಡೆದು ಮುಳುಗಿಸಿತು. 323 ಮಂದಿ ಸತ್ತರು. ಅರ್ಜೆಂಟೀನಾದ ವಿಮಾನವಾಹಕ ನೌಕೆ ಬಂದರಿಗೆ ಮರಳಿತು, ಯುದ್ಧ ಮುಗಿಯುವವರೆಗೆ ಮತ್ತೆ ಕಾದಾಟಕ್ಕೆ ಬರಲಿಲ್ಲ. ಅದರ ಸ್ಕೈಹಾಕ್‌ಗಳು ರಿಯೊ ಗ್ರಾಂದೆ ಎಂಬ ನೆಲದ ಮೇಲಿನ ನೆಲೆಗೆ ಹೋಗಿ ಅಲ್ಲಿಂದ ದಾಳಿ ಮಾಡಿದವು. ಅಲ್ಲಿಂದ ಫಾಕ್‌ಲ್ಯಾಂಡ್ಸ್‌ಗೆ ಹೋಗಿ ಬರುವುದೆಂದರೆ ಎಣ್ಣೆ ಮುಗಿಯುವ ದೂರ. ಗುರಿಯ ಮೇಲೆ ನಿಲ್ಲಲು ಸಿಗುತ್ತಿದ್ದದ್ದು ಕೆಲವೇ ನಿಮಿಷ.

ಎರಡೂ ಹಡಗಿಗೆ ಗಾಳಿಯದೇ ಕೊರತೆ, ಎರಡಕ್ಕೂ ಜಲಾಂತರ್ಗಾಮಿಯದೇ ಭಯ. ವಿಕ್ರಾಂತ್ ಮಾತ್ರ ವಾರಪೂರ್ತಿ ವಿಮಾನ ಹಾರಿಸಿತು. ವಿಕ್ರಾಂತ್ ಬೇಕಿತ್ತೇ ಎಂದು ಕೇಳುವವರು, ವಿಮಾನವಾಹಕ ನೌಕೆ ಬಂದರಿನಲ್ಲೇ ಉಳಿದಾಗ ಆ ಪೈಲಟ್‌ಗಳ ಪಾಡು ಏನಾಯಿತು ಎಂಬುದನ್ನೂ ಎದುರಿಗಿಟ್ಟುಕೊಂಡು ನೋಡಬೇಕು.

ಉತ್ತರ: ಹಳೇ ಸ್ಟೋಕರ್

ಅಲೆಯ ಲೆಕ್ಕ ಅವರೇ, ನೀವು ಬರೆದದ್ದು ಓದಿ ಎದೆ ಭಾರವಾಯಿತು. ಅಂದು ಆ ಹಡಗಿನ ಬಾಯ್ಲರ್ ಮುಂದೆ ನಿಂತಿದ್ದವರು ಏನೇನು ಮಾಡಿ ನೋಡಿರಬೇಕು ಎಂದು ನನಗೆ ಊಹಿಸಲಾಗುತ್ತದೆ.

ತಂಗಿ, ಮೊದಲು ನಿಮ್ಮ ಎರಡನೆಯ ಪ್ರಶ್ನೆ. ಪಶ್ಚಿಮದಲ್ಲಿ ಪಾಕಿಸ್ತಾನದ ಬಳಿ ಫ್ರಾನ್ಸಿನಿಂದ ಕೊಂಡ ಡಾಫ್ನೆ ಜಾತಿಯ ಮೂರು ಹೊಸ ಜಲಾಂತರ್ಗಾಮಿಗಳಿದ್ದವು. ವಿಮಾನ ಬಿಡುವಾಗ ಹಡಗು ಗಾಳಿಗೆ ಮುಖ ಮಾಡಿ ನೆಟ್ಟಗೆ, ಒಂದೇ ವೇಗದಲ್ಲಿ ಓಡಬೇಕು, ಗಾಳಿ ಶತ್ರುವಿನ ಕಡೆಯಿಂದಲೇ ಬೀಸುತ್ತಿದ್ದರೂ ಅತ್ತಲೇ ಹೋಗಬೇಕು. ಜಲಾಂತರ್ಗಾಮಿಗೆ ಅದಕ್ಕಿಂತ ಸುಲಭದ ಗುರಿ ಬೇರೆ ಇಲ್ಲ. 14 ನಾಟ್‌ನಲ್ಲಿ ತಪ್ಪಿಸಿಕೊಂಡು ಓಡುವ ಮಾತೇ ಇಲ್ಲ. ಡಿಸೆಂಬರ್ 9ರ ರಾತ್ರಿ ದೀವ್ ಬಳಿ ನಮ್ಮ ಫ್ರಿಗೇಟ್ ಖುಕ್ರಿಯನ್ನು ಮುಳುಗಿಸಿದ ಹ್ಯಾಂಗೋರ್ ಆ ಮೂರರಲ್ಲಿ ಒಂದು. 18 ಅಧಿಕಾರಿಗಳು, 176 ನಾವಿಕರು ಹಡಗಿನ ಜೊತೆಗೇ ಹೋದರು. ಕ್ಯಾಪ್ಟನ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ವಿಕ್ರಾಂತ್ ಅತ್ತ ಹೋಗಿದ್ದರೆ ಎಂದು ನಮ್ಮ ಮೆಸ್‌ನಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರ ತಲೆಯಲ್ಲೂ ಅದು ಇತ್ತು.

ಬಂಗಾಳ ಕೊಲ್ಲಿಯವರೆಗೆ ಬರುವಷ್ಟು ಓಟವಿದ್ದದ್ದು ಘಾಜಿಗೆ ಮಾತ್ರ. ಅದು ಅಮೆರಿಕದಿಂದ ಪಡೆದ ಹಳೆಯ ಜಲಾಂತರ್ಗಾಮಿ, ನವೆಂಬರ್ 14ರಂದು ಕರಾಚಿ ಬಿಟ್ಟು ವಿಕ್ರಾಂತನ್ನೇ ಹುಡುಕಿಕೊಂಡು ಬಂದಿತ್ತು. ಆಗ ಪೂರ್ವ ಕಮಾಂಡಿನ ಮುಖ್ಯಸ್ಥರಾಗಿದ್ದವರು ವೈಸ್ ಅಡ್ಮಿರಲ್ ಎನ್. ಕೃಷ್ಣನ್. ಅವರು ವಿಕ್ರಾಂತನ್ನು ಅಂಡಮಾನ್‌ಗೆ ಕಳಿಸಿ ಬಚ್ಚಿಟ್ಟು, ರಜಪೂತ್ ಎಂಬ ಹಳೆಯ ಡಿಸ್ಟ್ರಾಯರನ್ನು ವಿಶಾಖಪಟ್ಟಣದಾಚೆ ಬಿಟ್ಟು, ವಿಕ್ರಾಂತ್ ಅಲ್ಲೇ ಇದೆ ಎಂದು ತೋರುವ ಹಾಗೆ ರೇಡಿಯೊ ಸಂದೇಶ ಕಳಿಸಿದರು. ವಿಕ್ರಾಂತ್‌ನ ನಾವಿಕನೊಬ್ಬ ತನ್ನ ತಾಯಿಗೆ ಹುಷಾರಿಲ್ಲವೆಂದು ವಿಚಾರಿಸುವ ತಂತಿಯನ್ನೂ ಬೇಕೆಂದೇ ಗುಟ್ಟಿನ ಸಂಕೇತವಿಲ್ಲದೆ ಬಿಟ್ಟರು. ನನ್ನ ಪೆಟ್ಟಿ ಆಫೀಸರ್ ಇದನ್ನು ಹೇಳುವಾಗ ಪ್ರತಿಸಲವೂ ಒಂದು ಗಳಿಗೆ ನಿಲ್ಲಿಸುತ್ತಿದ್ದರು. ಯುದ್ಧದ ಮಧ್ಯೆ ತಾಯಿಯ ಸುದ್ದಿ ಕೇಳುವ ನಾವಿಕ, ಅದಕ್ಕಿಂತ ನಂಬುವಂಥದ್ದು ಇನ್ನೇನಿದೆ? ಘಾಜಿ ಡಿಸೆಂಬರ್ 3ರ ನಡುರಾತ್ರಿಯ ಹೊತ್ತಿಗೆ ವಿಶಾಖಪಟ್ಟಣದ ಬಾಯಿಯಲ್ಲೇ ಮುಳುಗಿತು. ರಜಪೂತ್ ಹಾಕಿದ ಡೆಪ್ತ್ ಚಾರ್ಜ್‌ನಿಂದ (ನೀರಿನೊಳಗೆ ಸಿಡಿಯುವ ಬಾಂಬು) ಎಂದು ನಮ್ಮವರು, ಒಳಗಿನ ಸ್ಫೋಟದಿಂದಲೋ ಅದೇ ಹಾಕಿದ ಮೈನ್‌ನಿಂದಲೋ ಎಂದು ಅವರು. ನಿಮ್ಮ ಪ್ರಬಂಧದಲ್ಲಿ ಎರಡನ್ನೂ ಬರೆಯಿರಿ. ಅದರೊಳಗೆ 90ಕ್ಕೂ ಹೆಚ್ಚು ಜನರಿದ್ದರು, ಅವರೂ ನಮ್ಮ ಹಾಗೆಯೇ ನೀರಿನ ಮಟ್ಟಕ್ಕಿಂತ ಕೆಳಗೆ ಕೆಲಸ ಮಾಡುವವರು.

ಈಗ ಬಾಯ್ಲರ್. ನಮ್ಮ ಬಾಯ್ಲರ್‌ನಲ್ಲಿ ಮೇಲೊಂದು ಆವಿಯ ಡ್ರಮ್, ಕೆಳಗೆ ನೀರಿನ ಡ್ರಮ್‌ಗಳು, ನಡುವೆ ಸಾಲುಸಾಲು ಕೊಳವೆ. 1970ರ ಜೂನ್‌ನಲ್ಲಿ ಮುಂಬಯಿ ಡಾಕ್‌ಯಾರ್ಡಿಗೆ ತಂದು ಬಿಚ್ಚಿ ನೋಡಿದಾಗ ನೀರಿನ ಡ್ರಮ್‌ಗಳ ಒಳಮೈಯಲ್ಲಿ ಬಿರುಕು ಕಂಡವು. ಬೆಸುಗೆ ಹಾಕಿ ಮುಚ್ಚುವಂಥವಲ್ಲ. ಹೊಸ ಡ್ರಮ್‌ಗೆ ಬ್ರಿಟನ್ನಿಗೆ ಬರೆದರು, ಅದು ಬರುವ ಮೊದಲೇ ಯುದ್ಧದ ಮೋಡ ಕವಿಯಿತು. ಉಳಿದ ಮೂರಕ್ಕೆ ಸುತ್ತ ಉಕ್ಕಿನ ಪಟ್ಟಿ ಬಿಗಿದರು, ಆವಿ ಸೋರಿದರೆ ಕಾಣಲೆಂದು ನೋಡುವ ಕಿಂಡಿ ಇಟ್ಟರು, ಒತ್ತಡವನ್ನು ಒಂದು ಚದರ ಅಂಗುಲಕ್ಕೆ 400 ಪೌಂಡ್ ಮೀರದಂತೆ ಕಟ್ಟಿದರು. 71ರ ಜೂನ್‌ನಲ್ಲಿ ಆಳ ಸಮುದ್ರಕ್ಕೆ ಹೋಗಿ ಪರೀಕ್ಷೆ ಮಾಡಿ ಬಂದರು.

ಪಟ್ಟಿ ಸಾಕಾಗುತ್ತದೆಯೇ ಎಂದು ಕೇಳಿದಿರಿ. ಪಟ್ಟಿ ಬಿರುಕನ್ನು ವಾಸಿ ಮಾಡುವುದಿಲ್ಲ. ಡ್ರಮ್ ಬಿಟ್ಟುಕೊಂಡರೆ ಒಮ್ಮೆಗೇ ಸಿಡಿಯದಂತೆ ಒಂದಷ್ಟು ತಡೆ ಹಿಡಿಯಬಹುದು, ಅಷ್ಟೇ. ಆ ಒತ್ತಡದ ನೀರು ಹೊರಬಿದ್ದ ಗಳಿಗೆಯಲ್ಲೇ ಆವಿಯಾಗಿ ಇಡೀ ಕೋಣೆ ತುಂಬುತ್ತದೆ. ಅಲ್ಲಿದ್ದವರು ಏಣಿ ಹತ್ತುವಷ್ಟು ಹೊತ್ತು ಸಿಗುವುದಿಲ್ಲ. ಸಣ್ಣ ಸೋರಿಕೆಯೂ ಕಡಿಮೆಯದಲ್ಲ. ಅಷ್ಟು ಬಿಸಿ ಆವಿ ಕಣ್ಣಿಗೆ ಕಾಣುವುದೇ ಇಲ್ಲ. ಬಿಳಿ ಹೊಗೆಯಂತೆ ಕಾಣುವುದು ಒಂದಷ್ಟು ದೂರ ಹೋಗಿ ತಣ್ಣಗಾದ ಮೇಲೆ. ಎಲ್ಲೋ ಸುಯ್ ಎನ್ನುವ ಸದ್ದು ಕೇಳುತ್ತದೆ, ಎಲ್ಲಿಂದ ಎಂದು ಗೊತ್ತಾಗುವುದಿಲ್ಲ. ಆಗ ಕೈ ಚಾಚಬಾರದು. ನನಗೆ ಮೊದಲ ವಾರವೇ ಕಲಿಸಿದ್ದು ಇದು: ಕಸಬರಿಕೆಯ ಉದ್ದ ಕೋಲನ್ನು ಮುಂದೆ ಹಿಡಿದು ಪೈಪಿನ ಗುಂಟ ನಿಧಾನವಾಗಿ ಆಡಿಸುತ್ತಾ ಹೋಗಬೇಕು. ಕೋಲು ಎಲ್ಲಿ ನಡುಗುತ್ತದೋ, ಸಿಪ್ಪೆ ಏಳುತ್ತದೋ ಅಲ್ಲಿ ಸೋರುತ್ತಿದೆ. ನನ್ನ ಪೆಟ್ಟಿ ಆಫೀಸರ್ ಯುದ್ಧದ ದಿನಗಳಲ್ಲಿ ವಾಚ್ ಶುರುವಾದ ಕೂಡಲೇ ಒಂದು ಸುತ್ತು, ಮುಗಿಯುವ ಮುಂಚೆ ಒಂದು ಸುತ್ತು ಹಾಗೆ ಹೋಗಿಬರುತ್ತಿದ್ದರಂತೆ. ಆ ಕೋಲಿನ ತುದಿ ಸವೆದು ಚೂಪಾಗಿತ್ತು ಎಂದರು.

ಇಷ್ಟು ತಿಳಿದೂ ಹಡಗು ಹೊರಡಿಸಿದ್ದಕ್ಕೆ ಮರ್ಯಾದೆಯ ಪ್ರಶ್ನೆಯೂ ಒಂದು ಕಾರಣ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. 1965ರಲ್ಲಿ ವಿಕ್ರಾಂತ್ ಮುಂಬಯಿ ಬಿಟ್ಟು ಕದಲಿರಲಿಲ್ಲ. ಈ ಸಲವೂ ಕೂತರೆ ಬಿಳಿ ಆನೆ ಅನ್ನಿಸಿಕೊಳ್ಳುತ್ತದೆ, ನೌಕಾಪಡೆಯ ವಿಮಾನ ವಿಭಾಗವೇ ಮುಗಿದುಹೋಗುತ್ತದೆ ಎಂದು ಆಗ ಕ್ಯಾಪ್ಟನ್ ಆಗಿದ್ದ ಹಿರಾನಂದಾನಿ ನೌಕಾ ಮುಖ್ಯಸ್ಥ ಅಡ್ಮಿರಲ್ ನಂದಾ ಅವರಿಗೆ ಹೇಳಿದ್ದರು. ಅದು ದಾಖಲೆಯಲ್ಲೇ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಮರ್ಯಾದೆಗಾಗಿ ಹೊರಟದ್ದು ಹೌದು, ಆದರೆ ಹೋದ ಜಾಗದಲ್ಲಿ ಮಾಡಿದ ಕೆಲಸ ಯುದ್ಧಕ್ಕೆ ಬೇಕಾದ ಕೆಲಸ. ಹಡಗಿಗೆ ಎರಡು ಮಹಾವೀರ ಚಕ್ರ, 12 ವೀರಚಕ್ರ ಬಂದವು.

ಉತ್ತರ: ರನ್‌ವೇ ಅಂಚು

ಸರ್, ಸಮುದ್ರದ ಬಾಗಿಲಿನ ಮಾತನ್ನು ಒಪ್ಪುತ್ತೇನೆ. ನಾನು ಬಾಂಬಿನ ಲೆಕ್ಕ ಹಾಕಿದೆ, ದಿಗ್ಬಂಧನದ ಲೆಕ್ಕ ಬಿಟ್ಟುಬಿಟ್ಟೆ. ತೇಜ್‌ಗಾಂವ್ ಬಗ್ಗೆ ಬರೆದದ್ದಕ್ಕೆ ಮಾತ್ರ ಈಗಲೂ ಬದ್ಧ. ಆ ಸೇಬರ್‌ಗಳು ನೆಲ ಕಚ್ಚದಿದ್ದರೆ ವಿಕ್ರಾಂತ್ ತೀರಕ್ಕೆ 60 ಮೈಲಿಯವರೆಗೆ ಬಂದು ದಿನಗಟ್ಟಲೆ ನಿಲ್ಲಲು ಆಗುತ್ತಿರಲಿಲ್ಲ.

ಇನ್ನೊಂದು: ಡಿಸೆಂಬರ್ ನಡುವಿಗೆ ಅಮೆರಿಕದ ವಿಮಾನವಾಹಕ ನೌಕೆ ಎಂಟರ್‌ಪ್ರೈಸ್ ಬಂಗಾಳ ಕೊಲ್ಲಿಗೆ ಬಂತಲ್ಲ, ಆಗ ವಿಕ್ರಾಂತ್‌ನಲ್ಲಿದ್ದವರಿಗೆ ಏನನ್ನಿಸಿತು? ಈಗಿನ ಹಡಗುಗಳಿಗೂ ಆ ಗಾಳಿಯ ಕಷ್ಟ ಇದೆಯೇ?

ಉತ್ತರ: ಹಳೇ ಸ್ಟೋಕರ್

ಸೇಬರ್ ವಿಷಯದಲ್ಲಿ ನಿಮ್ಮ ಮಾತು ಸರಿ. ತೇಜ್‌ಗಾಂವ್ ರನ್‌ವೇ ಮುರಿದವರಿಗೆ ನಾವು ಹಡಗಿನವರು ಋಣಿ.

ಎಂಟರ್‌ಪ್ರೈಸ್ ಮತ್ತು ವಿಕ್ರಾಂತ್ ಎರಡೂ ಸೇವೆಗೆ ಸೇರಿದ್ದು ಒಂದೇ ವರ್ಷ, 1961. ವಿಕ್ರಾಂತ್ ಮಾರ್ಚ್‌ನಲ್ಲಿ, ಅದು ನವೆಂಬರ್‌ನಲ್ಲಿ. ಅದಕ್ಕೆ ಎಂಟು ಅಣು ರಿಯಾಕ್ಟರ್, 30 ನಾಟ್ ಮೀರಿದ ಓಟ. ನಮ್ಮದು 20,000 ಟನ್‌ಗೂ ಕಡಿಮೆ ತೂಕದ ಹಡಗು, ಮೂರು ಬಾಯ್ಲರ್. ಆ ಸುದ್ದಿ ಬಂದ ದಿನ ಬಾಯ್ಲರ್ ರೂಮಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ, ವಾಚ್ ಬದಲಾಯಿಸಿಕೊಂಡು ಕೆಲಸ ಮಾಡಿದರು ಎಂದು ಪೆಟ್ಟಿ ಆಫೀಸರ್ ಹೇಳಿದ್ದರು. ಅದು ಬರುವ ಹೊತ್ತಿಗೆ ಢಾಕಾದಲ್ಲಿ ಎಲ್ಲ ಮುಗಿಯುತ್ತಾ ಬಂದಿತ್ತು.

ಗಾಳಿಯ ಕಷ್ಟ ಈಗಲೂ ಇದೆ. ಕಾರವಾರದಲ್ಲಿ ನೆಲೆ ಇರುವ ವಿಕ್ರಮಾದಿತ್ಯಕ್ಕಾಗಲಿ, 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿದ ಹೊಸ ವಿಕ್ರಾಂತ್‌ಗಾಗಲಿ ಕ್ಯಾಟಪಲ್ಟ್ ಇಲ್ಲ. ಮೂತಿ ಮೇಲೆತ್ತಿದ ಡೆಕ್ಕಿನ ಮೇಲೆ ಮಿಗ್-29ಕೆ ತನ್ನ ಎಂಜಿನ್ನಿನ ಬಲದಿಂದಲೇ ಓಡಿ ಏಳಬೇಕು. ಎಸೆಯುವ ಆವಿ ಇಲ್ಲದ ಕಾರಣ ಎದುರು ಗಾಳಿ ಕಡಿಮೆಯಾದರೆ ಕಡಿಮೆ ಮಾಡಬೇಕಾದದ್ದು ಬಾಂಬನ್ನೋ ಎಣ್ಣೆಯನ್ನೋ. ಆದ್ದರಿಂದ ಹಡಗಿನ ವೇಗಕ್ಕೆ ಈಗ ಬೆಲೆ ಇನ್ನೂ ಹೆಚ್ಚು. ಹೊಸ ವಿಕ್ರಾಂತ್‌ನಲ್ಲಿ ಬಾಯ್ಲರ್ ಬದಲು ನಾಲ್ಕು ಗ್ಯಾಸ್ ಟರ್ಬೈನ್. ಡ್ರಮ್ ಇಲ್ಲ, ನೀರಿನ ಗಾಜು ಇಲ್ಲ, ಕಾಣದ ಆವಿಯೂ ಇಲ್ಲ. ಅಲ್ಲಿನ ಹುಡುಗರಿಗೆ ಕಸಬರಿಕೆಯ ಕೋಲು ಹಿಡಿದು ಪೈಪಿನ ಗುಂಟ ನಡೆಯುವ ಕೆಲಸ ಬರದು, ಅದಕ್ಕೆ ನನಗೆ ಸಂತೋಷವಿದೆ.

ತಂಗಿ, ಪ್ರಬಂಧ ಬರೆದಾದ ಮೇಲೆ ಇಲ್ಲಿ ಹಾಕಿ. ಬಾಯ್ಲರ್‌ನ ಭಾಗ ಮಾತ್ರ ಒಮ್ಮೆ ನನಗೆ ತೋರಿಸಿ, ಡ್ರಮ್ಮು ಕೊಳವೆಗಳ ಹೆಸರು ಅದಲುಬದಲಾಗಿದ್ದರೆ ತಿದ್ದಿಕೊಡುತ್ತೇನೆ.